ಸೋಪಿಗೆ ಹೋದ ಎಣ್ಣೆ

ತೀಸಾ ನದಿಯ ದಂಡೆಯ ಆ ಎಣ್ಣೆ ಕಾರ್ಖಾನೆಯಲ್ಲಿ ವೀತೊಮಿರನ ಮೂಗಿಗಿದ್ದ ಬೆಲೆ ಡೈರೆಕ್ಟರ್ ಓಸ್ತೊಯಾನ ಸಹಿಗೂ ಇರಲಿಲ್ಲ. ಎಣ್ಣೆ ಕಮಟುವ ಮೊದಲೇ, ಪರೀಕ್ಷಿಸುವ ಯಂತ್ರ ಇನ್ನೂ ಸರಿಯಾಗಿದೆ ಎನ್ನುತ್ತಿರುವಾಗಲೇ, ಅವನು ಲೋಟದ ಮೇಲೆ ಬಗ್ಗಿ ಒಮ್ಮೆ ಉಸಿರೆಳೆದು "ಇದು ಹದಿನೈದು ದಿನ ತಾಳಲ್ಲ" ಎಂದುಬಿಡುತ್ತಿದ್ದ. ತಾಳುತ್ತಲೂ ಇರಲಿಲ್ಲ. ಪ್ರಯೋಗಾಲಯದ ಮುಖ್ಯಸ್ಥನ ಕುರ್ಚಿಯಲ್ಲಿ ಅವನು ಕೂತು ಕೂತು ಅದರ ಚರ್ಮ ಸವೆದಿತ್ತು. ಅವನ ಹೆಂಡತಿ ಸ್ಮಿಲ್ಯಾನಾ ಅದೇ ಪಡಸಾಲೆಯ ಕೊನೆಯ ಕೋಣೆಯಲ್ಲಿ ಸೀಸೆಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದಳು. ಓದಿದ್ದು ಇಬ್ಬರೂ ಒಂದೇ ಪದವಿ, ಒಂದೇ ತರಗತಿ. ಆದರೆ ಮಗಳು ಹುಟ್ಟಿದ ವರ್ಷ ಅವಳು ರಜೆ ಹಾಕಿ ಹಿಂದೆ ಬಿದ್ದಳು, ಇವನು ಮುಂದೆ ಹೋದ. ಅದರ ಬಗ್ಗೆ ಮನೆಯಲ್ಲಿ ಯಾರೂ ಎಂದೂ ಮಾತೆತ್ತಿರಲಿಲ್ಲ.

ಆ ಚಳಿಗಾಲ ಓಸ್ತೊಯಾ ವೀತೊಮಿರನನ್ನು, ಎಲ್ಲರ ಬಾಯಲ್ಲಿ ವೀತೋನನ್ನು, ಕರೆಸಿಕೊಂಡ. ಆಲೂಗಡ್ಡೆ ಚಿಪ್ಸ್ ಮಾಡುವ ಆಸ್ಟ್ರಿಯಾದ ಕಂಪನಿಯೊಂದು ಅವರ ಸೂರ್ಯಕಾಂತಿ ಎಣ್ಣೆಯ ದೊಡ್ಡ ಗಿರಾಕಿ. ಕರಿಯುವ ಎಣ್ಣೆ ಬೇಗ ಕೆಡದಿರಲಿ ಎಂದು ಕಾರ್ಖಾನೆಯವರು ಅದಕ್ಕೆ ಚಿಟಿಕೆಯಷ್ಟು ಬಿಳಿ ಪುಡಿ ಬೆರೆಸುತ್ತಿದ್ದರು. ರಾಸಾಯನಿಕ, ಆದರೆ ಕಾನೂನಿನ ಪ್ರಕಾರ ತಪ್ಪೇನಲ್ಲ. ಈಗ ಆ ಕಂಪನಿಗೆ ಅದು ಬೇಡವಾಗಿತ್ತು.

"ಪೊಟ್ಟಣದ ಮೇಲೆ ಆ ಹೆಸರು ಓದಿ ತಾಯಂದಿರು ವಾಪಸ್ ಇಡ್ತಾರಂತೆ ಕಣೋ," ಅಂದ ಓಸ್ತೊಯಾ. "ಗಿಡದಿಂದ ಬಂದದ್ದು ಏನಾದ್ರೂ ಹುಡುಕು. ನಿನ್ನನ್ನ ಬಿಟ್ರೆ ಇದು ಯಾರ ಕೈಲೂ ಆಗಲ್ಲ."

ಆ ಕೊನೆಯ ಮಾತು ವೀತೋಗೆ ರಾಕಿಯಾ ಸಾರಾಯಿಯ ಮೊದಲ ಗುಟುಕಿನ ಹಾಗೆ ಎದೆ ಬೆಚ್ಚಗೆ ಮಾಡಿತು. ಅವನು ವಿಟಮಿನ್ ಇ ಮೇಲೆ ನಂಬಿಕೆಯಿಟ್ಟ. ಹೊರದೇಶದಿಂದ ತರಿಸಿದ, ಬೆರೆಸಿದ, ಎಣ್ಣೆಯನ್ನು ಬೇಗ ಕೆಡಿಸಿ ನೋಡುವ ಬಿಸಿ ಪೆಟ್ಟಿಗೆಯಲ್ಲಿ ಸೀಸೆಗಳನ್ನು ಸಾಲಾಗಿ ಇಟ್ಟು ಕಾದ. ಆದರೆ ಸೂರ್ಯಕಾಂತಿಯಲ್ಲಿ ಅದು ಮೊದಲೇ ತುಂಬಿ ತುಳುಕುತ್ತಿರುತ್ತದೆ. ಸಮುದ್ರಕ್ಕೆ ಉಪ್ಪು ಸುರಿದ ಹಾಗಾಯಿತು. ಹೆಚ್ಚು ಹಾಕಿದ ಸೀಸೆಗಳು ಹಾಕದವಕ್ಕಿಂತ ಬೇಗ ಕಮಟಿದವು. ಚಳಿಗಾಲ ಕಳೆದು ನದಿಯ ಮಂಜುಗಡ್ಡೆ ಒಡೆಯುವ ಹೊತ್ತಿಗೆ ಅವನ ಕೈಯಲ್ಲಿ ಏನೂ ಇರಲಿಲ್ಲ.

ಒಂದು ಸಂಜೆ ಹುರುಳಿಕಾಯಿ ಸಾರಿಗೆ ಬ್ರೆಡ್ ಅದ್ದಿಕೊಳ್ಳುತ್ತಾ ಸ್ಮಿಲ್ಯಾನಾ ಕೇಳಿದಳು.

"ವೀತೋ, ನಮ್ಮೂರಲ್ಲಿ ಕಾದುಲ್ಯಾ ಬಟ್ಟಿ ಇಳಿಸ್ತಾರಲ್ಲ, ಆಮೇಲೆ ಉಳಿಯೋ ಸೊಪ್ಪನ್ನ ಏನ್ಮಾಡ್ತಾರೆ?"

ಅವಳ ಊರು ಹರ್ಜೆಗೊವಿನಾದ ಕಲ್ಲುಗುಡ್ಡದಲ್ಲಿತ್ತು. ಅಲ್ಲಿ ಬೂದು ಬಣ್ಣದ ಕಾದುಲ್ಯಾ ಗಿಡ ಬಂಡೆಗಳ ಸಂದಿಯಲ್ಲೆಲ್ಲ ಬೆಳೆಯುತ್ತದೆ. ಗಂಟಲು ಕಟ್ಟಿದರೆ ಕಷಾಯ ಮಾಡಿ ಕುಡಿಯುತ್ತಾರೆ, ಹಬೆಯಿಂದ ಅದರ ಸುಗಂಧ ತೈಲ ತೆಗೆದು ಮಾರುತ್ತಾರೆ.

"ಕುರಿ ಕೊಟ್ಟಿಗೆಗೆ ಹಾಸ್ತಾರೆ. ಯಾಕೆ?"

"ಹಸಿ ಸೊಪ್ಪನ್ನ ಎಣ್ಣೆಗೆ ಬೆರೆಸೋ ಹಾಗಿಲ್ಲ, ಔಷಧಿ ಅಂಗಡಿ ವಾಸನೆ ಬರತ್ತೆ. ಆದ್ರೆ ಬಟ್ಟಿ ಇಳಿಸಿದ ಮೇಲೆ ವಾಸನೆ ಹೋಗಿರತ್ತಲ್ಲ? ಆ ಸೊಪ್ಪಿಗೆ ಎಣ್ಣೆ ಕೆಡದ ಹಾಗೆ ಕಾಯೋ ಗುಣ ಇದೆಯಲ್ಲ, ಅದು ಹಬೆ ಜೊತೆ ಹೋಗಲ್ಲ, ಸೊಪ್ಪಲ್ಲೇ ಉಳಿದಿರತ್ತೆ. ಹೌದೋ ಅಲ್ವೋ?"

ವೀತೋ ಬ್ರೆಡ್ ತುಂಡನ್ನು ತಟ್ಟೆಯಲ್ಲೇ ಬಿಟ್ಟ. ಪ್ರತಿ ಬೇಸಿಗೆ ಮಾವನ ಮನೆಗೆ ಹೋದಾಗ ಅವನು ಆ ಸೊಪ್ಪಿನ ರಾಶಿಯ ಮೇಲೆಯೇ ಕೂತು ಸಿಗರೇಟು ಸೇದುತ್ತಿದ್ದ. ಬಟ್ಟೆಗೆ ಅಂಟಿದ ಎಲೆಗಳನ್ನು ಕೊಡವಿಕೊಂಡು ಏಳುತ್ತಿದ್ದ. ಎಣ್ಣೆ ಬರುವಾಗ ಕಣ್ಣು ಮುಚ್ಚಿಕೊಂಡವನ ಕಥೆಯಾಯಿತು ತನ್ನದು.

"ಇರಬಹುದು," ಅಂದ. "ಅಷ್ಟು ಸುಲಭ ಆಗಿದ್ರೆ ಯಾರಾದ್ರೂ ಮಾಡಿರ್ತಿದ್ರು."

"ಯಾರಾದ್ರೂ ಮಾಡಿರ್ಬಹುದು. ನಾವು ಮಾಡಿಲ್ವಲ್ಲ. ನಿನ್ನನ್ನ ಕೇಳಿ ಶುರು ಮಾಡೋಣ ಅಂತ."

"ಮಾಡು. ಯಾರು ಬೇಡ ಅಂದ್ರು?"

ಅವಳ ಅಣ್ಣ ಬಸ್ಸಿನಲ್ಲಿ ಎರಡು ಮೂಟೆ ಒಣ ಸೊಪ್ಪು ಕಳಿಸಿದ. ಕುರಿಗಳಿಗೆ ಹಾಸದೆ ಉಳಿದಿದ್ದು ಅಷ್ಟೇ ಅಂತ ಹೇಳಿ ಕಳಿಸಿದ್ದನಂತೆ. ಸ್ಮಿಲ್ಯಾನಾ ಅದನ್ನು ಮದ್ಯಸಾರದಲ್ಲಿ ನೆನೆಹಾಕಿ, ಸೋಸಿ, ಇಂಗಿಸಿ, ಹುಣಸೆಹುಳಿಯಷ್ಟು ಗಟ್ಟಿಯಾದ ಕಂದು ಅಂಟನ್ನು ತೆಗೆದಳು. ಸಾಸಿವೆಯಷ್ಟನ್ನು ಒಂದೊಂದು ಸೀಸೆಗೆ ಬೆರೆಸಿ ವೀತೋನ ಸೀಸೆಗಳ ಪಕ್ಕದಲ್ಲೇ ಬಿಸಿ ಪೆಟ್ಟಿಗೆಯಲ್ಲಿ ಇಟ್ಟಳು.

ವಾರಗಳು ಕಳೆದವು. ವೀತೋನ ಸೀಸೆಗಳು ಒಂದೊಂದಾಗಿ ಕಮಟಿ ಹೊರಗೆ ಹೋದವು. ಅವಳವು ಅಲ್ಲಾಡಲಿಲ್ಲ. ಬಿಳಿ ಪುಡಿ ಹಾಕಿದ ಸೀಸೆಯ ಜೊತೆಗೆ ಹೆಗಲಿಗೆ ಹೆಗಲು ಕೊಟ್ಟು ನಿಂತವು.

ಆಗ ಶುರುವಾಯಿತು ಅವನ ಹೊಟ್ಟೆಯುರಿ. ಮೊದಮೊದಲು ಅದಕ್ಕೆ ಆ ಹೆಸರನ್ನು ಅವನು ಕೊಡಲಿಲ್ಲ. ನಿದ್ದೆ ಸರಿಯಿಲ್ಲ, ಊಟ ಜೀರ್ಣವಾಗುತ್ತಿಲ್ಲ ಅಂದುಕೊಂಡ. ಆದರೆ ಊಟದ ಹೊತ್ತಿಗೆ ಓಸ್ತೊಯಾ ತನ್ನ ಮೇಜಿನಿಂದ ಕೈಯೆತ್ತಿ "ಬಾರಮ್ಮ ಸ್ಮಿಲ್ಯಾ, ಇಲ್ಲಿ ಕೂತ್ಕೋ" ಎಂದು ಕರೆದಾಗ, ಆ ಮೇಜಿನ ಪಕ್ಕದ ಕುರ್ಚಿ ಇಷ್ಟು ವರ್ಷ ಯಾರದಾಗಿತ್ತು ಎನ್ನುವುದು ಅವನಿಗೆ ಚೆನ್ನಾಗಿ ನೆನಪಿತ್ತು. ಅವಳ ಕೋಣೆಯ ಮುಂದೆ ನಾಲ್ಕು ಜನ ನಿಂತಿದ್ದರೆ ಅವನಿಗೆ ಅತ್ತ ನೋಡದೆ ಹೋಗಲು ಆಗುತ್ತಿರಲಿಲ್ಲ, ನೋಡಿದರೆ ಸಹಿಸಲು ಆಗುತ್ತಿರಲಿಲ್ಲ. ಅವಳು ಪಾತ್ರೆ ತೊಳೆಯುತ್ತಾ ಗುನುಗತೊಡಗಿದ್ದಳು. ಮದುವೆಯಾದ ಹೊಸದರಲ್ಲಿ ಹಾಗೆ ಗುನುಗುತ್ತಿದ್ದಳು. ಆಗ ಅದಕ್ಕೆ ಕಾರಣ ತಾನು. ಈಗ ಒಂದು ಮೂಟೆ ಕುರಿಹಾಸು.

ಅವಳು ಪರಪುರುಷನ ಹಿಂದೆ ಹೋಗಿದ್ದರೂ ಇದಕ್ಕಿಂತ ಸುಲಭವಿತ್ತು ಎಂದು ಒಮ್ಮೆ ಅವನಿಗೆ ಅನ್ನಿಸಿತು. ಹಿಡಿದು ಕೇಳಬಹುದಿತ್ತು, ಬೈಯಬಹುದಿತ್ತು, ಊರಿನವರು ತನ್ನ ಕಡೆ ನಿಲ್ಲುತ್ತಿದ್ದರು. ಇದರಲ್ಲಿ ಅವಳ ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ಪ್ರತಿ ಹೆಜ್ಜೆಯನ್ನೂ ಅವಳು ಮೊದಲು ಬಂದು ಹೇಳುತ್ತಿದ್ದದ್ದು ಅವನಿಗೇ. "ಈ ಅಂಟು ಎಣ್ಣೆಯಲ್ಲಿ ಪೂರ್ತಿ ಕರಗ್ತಿಲ್ಲ, ಏನ್ಮಾಡ್ಲಿ?" ಎಂದು ಕೇಳಿದಾಗ ಅವನಿಗೆ ಉತ್ತರ ಗೊತ್ತಿತ್ತು. "ನೋಡೋಣ" ಎಂದು ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ. ಎರಡು ದಿನದಲ್ಲಿ ಅವಳೇ ಕಂಡುಕೊಂಡಳು.

ಬೇಸಿಗೆಯ ಶುರುವಿನಲ್ಲಿ ರುಚಿ ನೋಡುವ ದಿನ ಬಂತು. ಆರು ಮಂದಿ ಬೇರೆ ಬೇರೆ ಗೂಡುಗಳಲ್ಲಿ ಕೂತು, ಮುಚ್ಚಳ ಹಾಕಿದ ನೀಲಿ ಲೋಟಗಳಲ್ಲಿನ ಎಣ್ಣೆಯನ್ನು ಮೂಸಿ, ನಾಲಿಗೆಗೆ ಸೋಕಿಸಿ, ಅದರಲ್ಲೇ ಕರಿದ ಚಿಪ್ಸ್ ತಿಂದು ಅಂಕ ಕೊಡಬೇಕು. ಲೋಟದ ಮೇಲೆ ಬರೀ ಸಂಖ್ಯೆ. ಯಾವುದು ಯಾರದು ಎಂದು ಯಾರಿಗೂ ಗೊತ್ತಿರಬಾರದು.

ಎರಡನೆಯ ಲೋಟದ ಮುಚ್ಚಳ ತೆಗೆದ ಕ್ಷಣವೇ ವೀತೋಗೆ ಗೊತ್ತಾಯಿತು. ಎಣ್ಣೆ ಈಗತಾನೆ ಹಿಂಡಿದಷ್ಟು ತಾಜಾ. ಅದರ ಬೆನ್ನಿಗೆ, ಬೇರೆ ಯಾರ ಮೂಗಿಗೂ ಸಿಗದಷ್ಟು ದೂರದಲ್ಲಿ, ಮಧ್ಯಾಹ್ನದ ಬಿಸಿಲಿಗೆ ಕಾದ ಗುಡ್ಡದ ಗಾಳಿ. ಮಾವನ ಮನೆಯ ಹಿತ್ತಲು. ಅಷ್ಟು ಚೆನ್ನಾದ ಕರಿಯುವ ಎಣ್ಣೆಯನ್ನು ಅವನು ಆ ಕಾರ್ಖಾನೆಯಲ್ಲಿ ಮೂಸಿರಲಿಲ್ಲ. ಅವನು ಇನ್ನೊಮ್ಮೆ ಮೂಸಿದ. ಪೆನ್ನು ತೆಗೆದು ಬರೆದ: ಕಮಟು ಇದೆ. ತಿರಸ್ಕರಿಸಬಹುದು.

ಚೀಟಿಗಳನ್ನು ಕೂಡಿಸಿದಾಗ ಉಳಿದ ಐವರೂ ಎರಡನೆಯ ಲೋಟವನ್ನು ಹೊಗಳಿದ್ದರು. ಬಾಟಲಿ ತುಂಬುವ ವಿಭಾಗದ ಎತೆಲ್ಕಾ ಅಂತೂ ಚಿಪ್ಸ್ ಇನ್ನೂ ಇದ್ದರೆ ಕೊಡಿ ಎಂದು ಕೆಳಗೆ ಬರೆದಿದ್ದಳು. ಆದರೆ ಓಸ್ತೊಯಾ ವೀತೋನ ಚೀಟಿಯನ್ನೇ ಹಿಡಿದು ಕೂತ.

"ಇವನ ಮೂಗು ಕಮಟು ಅಂದಮೇಲೆ ನಾನು ಆಸ್ಟ್ರಿಯಾಗೆ ಕಳಿಸೋಕೆ ಧೈರ್ಯ ಮಾಡಲ್ಲ. ಇವತ್ತು ಇವನಿಗೆ ಬಂದದ್ದು ನಾಳೆ ಅವರಿಗೆ ಬರತ್ತೆ."

ಸ್ಮಿಲ್ಯಾನಾ ವಾದಿಸುತ್ತಾಳೆ ಎಂದು ವೀತೋ ಕಾದಿದ್ದ. ಅದಕ್ಕೆ ಉತ್ತರಗಳನ್ನೂ ಕಟ್ಟಿಕೊಂಡಿದ್ದ. ಅವಳು ವಾದಿಸಲಿಲ್ಲ. ಮುಖ ಸ್ವಲ್ಪ ಬಾಡಿತು, ಅಷ್ಟೇ.

"ನನ್ನ ಅಳತೆಗಳಲ್ಲಿ ಬಂದಿಲ್ಲ," ಅಂದಳು. "ಆದ್ರೆ ವೀತೋ ಹೇಳಿದ್ರೆ ಇರತ್ತೆ." ಆಮೇಲೆ ಅವನ ಕಡೆ ತಿರುಗಿ, "ಎಲ್ಲಿ ಅನ್ನಿಸ್ತು? ಮೂಸಿದಾಗ್ಲೋ, ನುಂಗಿದ ಮೇಲೋ?"

"ನುಂಗಿದ ಮೇಲೆ," ಅಂದ ಅವನು.

ಸಂಜೆ ಅವಳು ಉಳಿದ ಎಣ್ಣೆಯ ಕ್ಯಾನನ್ನು ಕಾರಿನ ಹಿಂದೆ ಇಟ್ಟಳು. "ಚರಂಡಿಗೆ ಸುರಿಯೋದ್ಯಾಕೆ? ನಿಮ್ಮಮ್ಮನಿಗೆ ಕೊಡು. ಕೆಟ್ಟೆಣ್ಣೆ ಸೋಪಿಗೆ ಒಳ್ಳೇದು ಅಂತಿರ್ತಾರಲ್ಲ." ವೀತೋ ಅದನ್ನು ಹಳ್ಳಿಯಲ್ಲಿದ್ದ ತಾಯಿ ಪೆರ್ಸಿದಾಳ ಉಗ್ರಾಣದಲ್ಲಿ, ಹಂದಿಕೊಬ್ಬಿನ ಡಬ್ಬಿಗಳ ಪಕ್ಕ ಇಟ್ಟು ಬಂದ.

ಆಸ್ಟ್ರಿಯಾದವರು ಕಾಯಲಿಲ್ಲ. ಶರತ್ಕಾಲಕ್ಕೆ ಮೊದಲೇ ಗಡಿಯಾಚೆಯ ಇನ್ನೊಂದು ಕಾರ್ಖಾನೆಯ ಜೊತೆ ಒಪ್ಪಂದ ಮಾಡಿಕೊಂಡರು. ಓಸ್ತೊಯಾ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ, ಮೂರನೆಯ ದಿನ ವೀತೋನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡಿದ. ಸ್ಮಿಲ್ಯಾನಾ ಸೀಸೆಗಳಿಗೆ ಮರಳಿದಳು. ಗುನುಗುವುದು ನಿಂತಿತು.

ವೀತೋಗೆ ತಾನು ಬಯಸಿದ್ದೆಲ್ಲ ಸಿಕ್ಕಿತ್ತು. ಅವಳ ಮೇಲೆ ಪ್ರೀತಿ ಉಕ್ಕಿ ಬರುತ್ತಿತ್ತು. ಅವಳಿಗೆ ಕಾಫಿ ಮಾಡಿ ಕೊಡುತ್ತಿದ್ದ, "ಬೇಜಾರು ಮಾಡ್ಕೋಬೇಡ, ಒಳ್ಳೆ ಪ್ರಯತ್ನ" ಎಂದು ಬೆನ್ನು ಸವರುತ್ತಿದ್ದ. ಸೋತ ಹೆಂಡತಿಯನ್ನು ಪ್ರೀತಿಸುವುದು ಇಷ್ಟು ಸಲೀಸೇ ಎಂದು ಒಮ್ಮೆ ಹೊಳೆದಾಗ ಮಾತ್ರ, ಕೈ ತಾನೇತಾನಾಗಿ ಅವಳ ಬೆನ್ನಿನಿಂದ ಜಾರಿತು.

ಚಳಿಗಾಲದ ಕೊನೆಗೆ, ಮಾಂಸ ಹಾಲು ಬಿಟ್ಟು ವಾರಗಟ್ಟಲೆ ಹಿಡಿಯುವ ದೊಡ್ಡ ಉಪವಾಸಕ್ಕೆ ಮುಂಚಿನ ಭಾನುವಾರ, ಇಬ್ಬರೂ ಪೆರ್ಸಿದಾಳ ಮನೆಗೆ ಹೋದರು. ಆ ದಿನ ಎಲ್ಲರ ಮನೆಯಲ್ಲೂ ಕ್ರೊಫ್ನೆ ಕರಿಯುತ್ತಾರೆ. ಹಿಟ್ಟು ಉಬ್ಬಿಸಿ ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಕರಿದು, ಒಳಗೆ ಏಪ್ರಿಕಾಟ್ ಜಾಮ್ ತುಂಬಿ, ಮೇಲೆ ಸಕ್ಕರೆ ಉದುರಿಸಿದ ಉಂಡೆಗಳು. ಪೆರ್ಸಿದಾ ಬಾಂಡಲೆಯ ಮುಂದೆ ನಿಂತು ಒಂದು ಒಬ್ಬೆ ತೆಗೆದು ಇನ್ನೊಂದು ಒಬ್ಬೆ ಬಿಡುತ್ತಿದ್ದಳು.

"ತಿನ್ನಮ್ಮಾ, ತಿನ್ನು. ನಾಳೆಯಿಂದ ಬರೀ ಹುರುಳಿಕಾಯಿ."

"ಅತ್ತೆ, ಈ ಸಲ ಏನು ಇಷ್ಟು ಹಗುರಾಗಿವೆ? ನಾಲ್ಕು ತಿಂದ್ರೂ ಎದೆಯುರಿ ಇಲ್ಲ," ಅಂದಳು ಸ್ಮಿಲ್ಯಾನಾ, ಬೆರಳಿನ ಸಕ್ಕರೆ ನೆಕ್ಕುತ್ತಾ.

"ಎಣ್ಣೆ ಒಳ್ಳೇದು. ನಿಮ್ಮದೇ."

"ನಮ್ಮದಾ? ಯಾವುದು?"

"ಬೇಸಿಗೇಲಿ ಇವನು ತಂದಿಟ್ಟನಲ್ಲ ಕ್ಯಾನು, ಸೋಪಿಗೆ ಅಂತ. ಮೊನ್ನೆ ಸೋಪು ಬೇಯಿಸೋಣ ಅಂತ ಬಿರಡೆ ತೆಗೆದ್ರೆ ಘಮ್ ಅಂತು. ಇಷ್ಟು ಒಳ್ಳೆ ಎಣ್ಣೇನ ಸೋಪಿಗೆ ಹಾಕಿದ್ರೆ ದೇವರು ಮೆಚ್ಚಲ್ಲ ಅಂತ ಬಾಂಡಲೆಗೆ ಹಾಕ್ದೆ. ಯಾಕೆ, ಹಾಕ್ಬಾರ್ದಿತ್ತಾ?"

ವೀತೋ ಬಾಯಲ್ಲಿದ್ದ ತುತ್ತನ್ನು ಅಗಿಯುವುದನ್ನು ನಿಲ್ಲಿಸಿದ್ದ. ಸ್ಮಿಲ್ಯಾನಾ ಎದ್ದು ಉಗ್ರಾಣಕ್ಕೆ ಹೋದಳು. ಕ್ಯಾನಿನ ಬಿರಡೆ ತೆಗೆದ ಸದ್ದು ಕೇಳಿಸಿತು. ಅವಳು ಬಹಳ ಹೊತ್ತು ಬರಲಿಲ್ಲ. ತಗಡಿನ ಮಾಡಿನ ಕೆಳಗೆ ಇಡೀ ಬೇಸಿಗೆ ಬೆಂದ ಎಣ್ಣೆ ಅದು. ಪರೀಕ್ಷೆಯ ದಿನವೇ ಕಮಟಿದ್ದರೆ ಈ ಹೊತ್ತಿಗೆ ಉಗ್ರಾಣದ ಬಾಗಿಲು ತೆಗೆಯಲು ಆಗುತ್ತಿರಲಿಲ್ಲ.

ವಾಪಸ್ ಬಂದವಳು ಅತ್ತೆಗೆ "ಹಾಕಿದ್ದು ಒಳ್ಳೇದೇ ಆಯ್ತು" ಅಂದಳು. ಇನ್ನೊಂದು ಕ್ರೊಫ್ನೆ ತಿನ್ನಲಿಲ್ಲ.

ಕಾರು ಹಳ್ಳಿ ದಾಟಿ ಬಯಲಿಗೆ ಬಂದಮೇಲೆ ಅವಳು ಬಾಯಿ ತೆರೆದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಅವತ್ತು ನಿನಗೆ ನೆಗಡಿ ಆಗಿತ್ತಾ?"

ಹೌದು ಅಂದುಬಿಟ್ಟರೆ ಮುಗಿಯುತ್ತಿತ್ತು. ಅವಳು ಆ ಬಾಗಿಲನ್ನು ಬೇಕೆಂದೇ ತೆರೆದು ಹಿಡಿದಿದ್ದಾಳೆ ಎಂದು ಅವನಿಗೆ ಅನ್ನಿಸಿತು.

"ಇಲ್ಲ."

"ಮತ್ತೆ?"

"ಚೆನ್ನಾಗಿತ್ತು. ಅಷ್ಟು ಚೆನ್ನಾಗಿತ್ತಲ್ಲ, ಅದಕ್ಕೇ."

ಅವಳು ಕಿಟಕಿಯಾಚೆಯ ಉತ್ತ ಹೊಲಗಳ ಕಡೆ ಮುಖ ತಿರುಗಿಸಿದಳು.

"ನಾನು ನನ್ನ ಅಳತೆಗಳನ್ನ ಬಿಟ್ಟು ನಿನ್ನನ್ನ ನಂಬ್ದೆ," ಅಂದಳು. "ನನ್ನ ನಾಲಿಗೇಲೇ ಏನೋ ಊನ ಇದೆ ಅಂತ ಡಾಕ್ಟರ ಹತ್ರ ಹೋಗಿ ಬಂದೆ. ನಿನಗೆ ಹೇಳಿರ್ಲಿಲ್ಲ."

ವೀತೋ ಕಾರಿನ ವೇಗ ಇಳಿಸಿದ. "ಸ್ಮಿಲ್ಯಾ..."

"ಈಗ ಏನೂ ಹೇಳ್ಬೇಡ. ಓಸ್ತೊಯಾಗೆ ನಾನಂತೂ ಹೇಳಲ್ಲ. ನೀನು ಹೇಳ್ತೀಯೋ ಬಿಡ್ತೀಯೋ ನಿನಗೆ ಬಿಟ್ಟಿದ್ದು."

ಆ ರಾತ್ರಿ ಅವಳು ಮಗಳ ಖಾಲಿ ಕೋಣೆಯಲ್ಲಿ ಹಾಸಿಗೆ ಹಾಕಿಕೊಂಡಳು. ಮಗಳು ಮದುವೆಯಾಗಿ ಹೋದಾಗಿನಿಂದ ಅಲ್ಲಿ ಹೊಲಿಗೆ ಯಂತ್ರ ಮಾತ್ರ ಇತ್ತು. ವೀತೋ ಮೂರು ದಿನ ಒದ್ದಾಡಿದ. ಹೇಳದಿದ್ದರೆ ಏನಾಗುತ್ತದೆ ಎಂದು ಎಲ್ಲ ಕಡೆಯಿಂದ ಯೋಚಿಸಿದ. ಏನೂ ಆಗುತ್ತಿರಲಿಲ್ಲ, ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಗುರುವಾರ ಡೈರೆಕ್ಟರನ ಕೋಣೆಗೆ ಹೋಗಿ ಬಾಗಿಲು ಮುಚ್ಚಿದ.

ಓಸ್ತೊಯಾ ಎಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಹೆಂಡತಿ ಮೇಲೆ ಹೊಟ್ಟೆಕಿಚ್ಚು ಪಟ್ಟು ನನ್ನ ಅರ್ಧ ಕಾರ್ಖಾನೆಗೆ ಕೂಲಿ ಕೊಡೋ ಗಿರಾಕೀನ ಕಳೆದ್ಯಲ್ಲೋ. ನಿನ್ನನ್ನ ನದಿಗೆ ತಳ್ಳೋಣ ಅನ್ನಿಸ್ತಿದೆ."

"ತಳ್ಳು."

"ತಳ್ಳಿದ್ರೆ ನಿನ್ನ ಕೆಲಸ ಯಾರು ಮಾಡ್ತಾರೆ? ಎದ್ದು ಹೋಗು. ರುಚಿ ನೋಡೋ ಗೂಡಿನ ಹತ್ರ ಮಾತ್ರ ಸುಳೀಬೇಡ."

ಇಂಥ ಸುದ್ದಿಗೆ ಆ ಊರಿನಲ್ಲಿ ಕಾಲು ಬೇಕಿರಲಿಲ್ಲ. ಸೋಮವಾರದ ಹೊತ್ತಿಗೆ ಎತೆಲ್ಕಾ ಊಟದ ಸಾಲಿನಲ್ಲಿ ಅವನ ಹಿಂದೆ ನಿಂತು, "ಯಜಮಾನ್ರೇ, ಇವತ್ತಿನ ಸಾರು ಹೇಗಿದೆ ಅಂತ ಮೂಸಿ ಹೇಳಿ. ನಿಜ ಹೇಳಿ ಮತ್ತೆ," ಅಂದಳು. ಸಾಲಿನುದ್ದಕ್ಕೂ ನಕ್ಕರು. ವೀತೋ ತಟ್ಟೆ ಹಿಡಿದುಕೊಂಡು ಕಿಟಕಿಯ ಪಕ್ಕ ಒಬ್ಬನೇ ಕೂತು ಉಂಡ. ಬಹಳ ದಿನ ಹಾಗೇ ಉಂಡ.

ಸ್ಮಿಲ್ಯಾನಾಳಿಗೆ ಓಸ್ತೊಯಾ ದೊಡ್ಡ ಕೋಣೆ ಕೊಟ್ಟ, ಇಬ್ಬರು ಸಹಾಯಕರನ್ನು ಕೊಟ್ಟ. ಆಸ್ಟ್ರಿಯಾದ ಗಿರಾಕಿ ಮತ್ತೆ ಬರಲಿಲ್ಲ. ಸುಬೋತಿತ್ಸಾದ ಬಿಸ್ಕತ್ತು ಕಾರ್ಖಾನೆಯೊಂದು ಮಾದರಿ ಕೇಳಿತು. ಅವಳು ಒಬ್ಬಳೇ ಊರಿಗೆ ಹೋಗಿ ಬಟ್ಟಿಯವರೊಡನೆ ಮಾತಾಡಿ, ಸೊಪ್ಪನ್ನು ಲಾರಿಯಲ್ಲಿ ತರಿಸಿದಳು. ಮನೆಯಲ್ಲಿ ಮಾತು ಇತ್ತು, ಆದರೆ ಬೇಕಾದಷ್ಟೇ ಇತ್ತು. ಕೊಳಾಯಿ ಸೋರುತ್ತಿದೆ. ಮಗಳು ಫೋನ್ ಮಾಡಿದ್ದಳು. ಉಪ್ಪು ಕೊಡು.

ಮೊದಲ ದೊಡ್ಡ ತೊಟ್ಟಿ ಎಣ್ಣೆ ತಯಾರಾದ ದಿನ ಮಧ್ಯಾಹ್ನ ಅವಳು ವೀತೋನ ಕೋಣೆಗೆ ಬಂದಳು. ಎಷ್ಟೋ ತಿಂಗಳಲ್ಲಿ ಅದೇ ಮೊದಲು. ಕೈಯಲ್ಲಿ ನೀಲಿ ಲೋಟ.

"ಮೂಸು," ಅಂದಳು. "ಯಂತ್ರ ಸರಿಯಾಗಿದೆ ಅಂತಿದೆ. ಆರು ಮಂದಿಯೂ ಸರಿ ಅಂದ್ರು. ನನಗೆ ಮಾತ್ರ ಯಾಕೋ ಸಮಾಧಾನ ಇಲ್ಲ."

ಅವನು ಮುಚ್ಚಳ ತೆಗೆದ. ಎಣ್ಣೆ ತಾಜಾ ಇತ್ತು. ಆದರೆ ಗಂಟಲಿನ ಹತ್ತಿರ, ನುಂಗಿ ಸ್ವಲ್ಪ ಹೊತ್ತಾದ ಮೇಲೆ, ಒಂದು ಎಳೆ ಕಹಿ. ದೊಡ್ಡ ಬಟ್ಟಿಯಲ್ಲಿ ಸೊಪ್ಪಿಗೆ ಹಬೆ ಸಾಲದೆ ಹೋಗಿರಬೇಕು. ಬಿಸ್ಕತ್ತು ತಿಂಗಳುಗಟ್ಟಲೆ ಡಬ್ಬಿಯಲ್ಲಿ ಕೂತರೆ ಆ ಕಹಿ ಎದ್ದು ಬರುತ್ತದೆ.

ಚೆನ್ನಾಗಿದೆ ಎಂದರೆ ಅವಳ ಮುಖ ಅರಳುತ್ತದೆ. ಕಹಿ ಇದೆ ಎಂದರೆ ಇಡೀ ಕಾರ್ಖಾನೆ ಏನು ಹೇಳುತ್ತದೆ ಎಂದು ಅವನಿಗೆ ಗೊತ್ತಿತ್ತು, ಅವಳು ಏನು ಅಂದುಕೊಳ್ಳುತ್ತಾಳೆ ಎನ್ನುವುದೂ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು: ತನ್ನ ಮೂಗು ಹೇಳುತ್ತಿರುವುದು ನಿಜವೋ, ತನ್ನ ಹೊಟ್ಟೆ ಹೇಳಿಸುತ್ತಿರುವುದೋ ಎಂದು ಅವನಿಗೇ ಒಂದು ಕ್ಷಣ ಅನುಮಾನ ಬಂತು. ಇನ್ನೊಮ್ಮೆ ಮೂಸಿದ. ಮತ್ತೊಮ್ಮೆ ನಾಲಿಗೆಗೆ ಸೋಕಿಸಿ, ಕಣ್ಣು ಮುಚ್ಚಿ ಕಾದ.

"ಕಹಿ ಇದೆ," ಅಂದ. "ಬಹಳ ಹಿಂದೆ. ನುಂಗಿದ ಮೇಲೆ."

ಅವಳು ಅವನ ಮುಖವನ್ನೇ ನೋಡುತ್ತಾ ನಿಂತಳು.

"ಹೋದ ಸಲವೂ ನುಂಗಿದ ಮೇಲೆ ಅಂತಲೇ ಅಂದಿದ್ದೆ."

"ಅಂದಿದ್ದೆ. ಹೋದ ಸಲ ಇರ್ಲಿಲ್ಲ. ಈ ಸಲ ಇದೆ. ನಂಬು ಅಂತ ಹೇಳೋಕೆ ನನಗೆ ಬಾಯಿಲ್ಲ ಸ್ಮಿಲ್ಯಾ. ಸೊಪ್ಪಿಗೆ ಹಬೆ ಸಾಲದು ಅನ್ಸತ್ತೆ. ಬೇರೆ ಯಾರ ಹತ್ರಾದ್ರೂ ನೋಡಿಸು."

ಅವಳು ಲೋಟ ತೆಗೆದುಕೊಂಡು ಹೋದಳು. ಅದನ್ನು ಬೆಲ್‌ಗ್ರೇಡಿನ ಪ್ರಯೋಗಾಲಯಕ್ಕೆ ಕಳಿಸಿದಳೆಂದು ಅವನಿಗೆ ಆಮೇಲೆ ಗೊತ್ತಾಯಿತು. ಅಲ್ಲಿಂದ ಏನು ಬಂತು ಎಂದು ಯಾರೂ ಅವನಿಗೆ ಹೇಳಲಿಲ್ಲ. ಆದರೆ ಮುಂದಿನ ವಾರ ಒಂದು ಬೆಳಗ್ಗೆ ಅವಳ ಕೋಣೆಯ ಕಡೆಯಿಂದ ಹಬೆಯ ಕೊಳವೆ ಭುಸುಗುಡುವುದು ಕೇಳಿಸಿತು, ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ವೀತೋ ತನ್ನ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡ. ಕೆಲಸ ಮಾಡಲು ಮನಸ್ಸಾಗಲಿಲ್ಲ.

ಬಿಸ್ಕತ್ತಿನವರು ಒಪ್ಪಿಕೊಂಡ ದಿನ ಓಸ್ತೊಯಾ ಊಟದ ಮನೆಯಲ್ಲಿ ಎಲ್ಲರಿಗೂ ಒಂದೊಂದು ಚಿಕ್ಕ ಲೋಟ ರಾಕಿಯಾ ಕೊಡಿಸಿದ. ಸ್ಮಿಲ್ಯಾನಾಳ ಸುತ್ತ ಜನ. ಎತೆಲ್ಕಾ ಅವಳ ಎರಡೂ ಕೆನ್ನೆಗೆ ಮುತ್ತಿಟ್ಟಳು. ಸಹಾಯಕರು ಅವಳ ಮಾತಿಗೆ ನಕ್ಕರು. ದೂರದಲ್ಲಿ ನಿಂತಿದ್ದ ವೀತೋಗೆ ಹೊಟ್ಟೆಯ ಅದೇ ಜಾಗದಲ್ಲಿ ಅದೇ ಉರಿ ಎದ್ದಿತು. ಹೋಗಿರಬಹುದು ಅಂದುಕೊಂಡಿದ್ದ. ಹೋಗಿರಲಿಲ್ಲ. ಅವನು ಅದನ್ನು ಹೊತ್ತುಕೊಂಡೇ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಅವಳ ಮುಂದೆ ಲೋಟ ಎತ್ತಿದ.

"ನಿನಗೆ ಒಳ್ಳೇದಾಗ್ಲಿ."

"ಹೊಟ್ಟೆ ಉರೀತಿದೆಯಾ?" ಎಂದು ಅವಳು ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಕೇಳಿದಳು.

"ಉರೀತಿದೆ."

"ಸರಿ," ಅಂದಳು ಸ್ಮಿಲ್ಯಾನಾ. ತನ್ನ ಲೋಟವನ್ನು ಅವನದಕ್ಕೆ ತಾಗಿಸಿ ಒಂದೇ ಗುಟುಕಿಗೆ ಕುಡಿದಳು. "ಕೋಟು ತಗೊಂಡು ಬಾ. ಮನೆಗೆ ಹೋಗೋಣ."